ಷಣ್ಮುಖಪ್ಪನ ಮುದ್ದೆ ಮೆಷಿನ್ನು

ಚೌಳಹಿರಿಯೂರಿನ ಸಣ್ಣಬೀರಪ್ಪನ ಮನೆಯ ಗೇಟು ತೆರೆಯಲು ಇಬ್ಬರು ಬೇಕು. ಒಬ್ಬ ಗೇಟನ್ನು ತಳ್ಳಬೇಕು, ಇನ್ನೊಬ್ಬ ತಳ್ಳುವವನನ್ನು ತಳ್ಳಬೇಕು. ಹೆಣ್ಣು ನೋಡಲು ಬಂದವರು ಆಚೆ ನಿಂತು, ಮನೆಯವರು ಈಚೆ ನಿಂತು, ಸರಳುಗಳ ಸಂದಿಯಲ್ಲೇ ಕುಶಲ ವಿಚಾರಿಸಿಕೊಂಡ ಕತೆಯನ್ನು ಆ ಕಡೆಯ ಜನ ಈಗಲೂ ಹೇಳಿ ನಗುತ್ತಾರೆ. ಆ ಗೇಟು ಮಾಡಿದವನು ಅಜ್ಜಂಪುರದ ಷಣ್ಮುಖಪ್ಪ.

ಸ್ಟೇಷನ್ ರಸ್ತೆಯಲ್ಲಿ ಅವನದೊಂದು ವರ್ಕ್‌ಶಾಪು. ಕಬ್ಬಿಣ ಕಡೆಯಲು ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು, ಒಂದು ವೆಲ್ಡಿಂಗ್ ಸೆಟ್ಟು, ಮೂಲೆಯಲ್ಲಿ ಗುಜರಿಯ ಗುಡ್ಡ. ಅಲ್ಲಿಂದ ಹೊರಟ ಯಾವ ವಸ್ತುವೂ ಮುರಿದು ವಾಪಸು ಬಂದಿಲ್ಲ. ಬರುವುದು ಹೇಗೆ? ಹೊರಲು ಆಗಬೇಕಲ್ಲ. ಪಂಚನಹಳ್ಳಿಯವರಿಗೆ ಬೋರ್‌ವೆಲ್ ಪೈಪು ಎತ್ತಲೆಂದು ಅವನು ಮೂರು ಕಾಲಿನ ಸ್ಟ್ಯಾಂಡು ಮಾಡಿಕೊಟ್ಟಿದ್ದ. ಅದನ್ನು ಎತ್ತಿ ನಿಲ್ಲಿಸಲು ಇನ್ನೊಂದು ಸ್ಟ್ಯಾಂಡು ಬೇಕಾಯಿತು. ಅವನ ಮನೆಯ ಮಂಚವೂ ಅದೇ ಜಾತಿಯದು. "ಮಂಚದ ಕೆಳಗೆ ಕಸ ಗುಡಿಸ್ಬೇಕು ಅಂದ್ರೆ ಜೆಸಿಬಿ ಕರೆಸ್ಬೇಕು ಕಣ್ರೀ," ಎಂದು ಹೆಂಡತಿ ಮಲ್ಲಿಕಾಂಬ ಬಂದವರ ಮುಂದೆಲ್ಲ ಹೇಳುತ್ತಾಳೆ.

ಇದಕ್ಕೆಲ್ಲ ಕಾರಣ ಒಂದು ಕುಂಟೆ. ಐಟಿಐ ಮುಗಿಸಿ ಅಂಗಡಿ ತೆರೆದ ಹೊಸತರಲ್ಲಿ ಷಣ್ಮುಖಪ್ಪ ಬುಕ್ಕಾಂಬುಧಿಯ ರೈತನೊಬ್ಬನಿಗೆ ಕುಂಟೆ ಮಾಡಿಕೊಟ್ಟ. ಹೊಲಕ್ಕಿಳಿಸಿದ ಮೊದಲ ಸಾಲಿನಲ್ಲೇ ಅದರ ಅಲಗು ಮಡಚಿಕೊಂಡು ಹಪ್ಪಳವಾಯಿತು. ರೈತ ಅದನ್ನು ತಂದು ಅಂಗಡಿ ಮುಂದೆ ಎಸೆದಾಗ ಎದುರಿನ ಹಾರ್ಡ್‌ವೇರ್ ಅಂಗಡಿಯ ರಾಜಶೇಖರ ಕೂತಲ್ಲಿಂದಲೇ ಕೂಗಿದ: "ಲೇ ಬೆಣ್ಣೆ ಷಣ್ಮುಖಾ! ರೊಟ್ಟಿಗೆ ಹಚ್ಕೊಂಡು ತಿನ್ನೋ!"

ರಾಜಶೇಖರ ಒಟ್ಟಿಗೆ ಓದಿದವನು, ಸ್ನೇಹಿತನೇ. ಆದರೆ ಸ್ನೇಹಿತರು ಇಟ್ಟ ಹೆಸರು ಬೇಗ ಅಂಟುತ್ತದೆ, ನಿಧಾನ ಬಿಡುತ್ತದೆ. ಬೆಣ್ಣೆ ಎಂಬುದು ಬಿಟ್ಟುಹೋಗಲು ಷಣ್ಮುಖಪ್ಪ ಕೂದಲು ನರೆಯುವ ತನಕ ದುಡಿಯಬೇಕಾಯಿತು. ಬೆರಳು ದಪ್ಪದ ಸರಳು ಸಾಕು ಎಂಬಲ್ಲಿ ಮಣಿಕಟ್ಟು ದಪ್ಪದ್ದು ಹಾಕಿದ. ಎರಡು ಬೋಲ್ಟು ಸಾಕು ಎಂಬಲ್ಲಿ ಆರು ಹಾಕಿ, ಅದು ಸಾಲದೆಂದು ಮೇಲೆ ವೆಲ್ಡಿಂಗೂ ಮಾಡಿದ. ಮುರಿಯುವುದು ಎಂಬ ಮಾತು ಕೇಳಿದರೆ ಅವನಿಗೆ ಕಿವಿಯಲ್ಲಿ ಬೆಣ್ಣೆ ಬೆಣ್ಣೆ ಎಂದು ಕೂಗಿದಂತಾಗುತ್ತಿತ್ತು.

ಇಂಥವನಿಗೆ ಮಠದಿಂದ ಕರೆ ಬಂತು. ತಲೆಮಾರುಗಳಿಂದ ಅವನ ಮನೆಯವರು ನಡೆದುಕೊಂಡು ಬಂದ ಮಠ. ಹುಣ್ಣಿಮೆ ಹುಣ್ಣಿಮೆಗೆ ಅಲ್ಲಿ ದಾಸೋಹ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಜನ ಪ್ರವಚನಕ್ಕೆ ಎಂದು ಬಂದು ಮುದ್ದೆ ಉಂಡು ಹೋಗುತ್ತಾರೆ. ಅಷ್ಟು ಜನರಿಗೆ ಹಿಟ್ಟು ತೊಳಸಿ ತೊಳಸಿ ಅಡಿಗೆಯ ಓಬಮ್ಮನ ರಟ್ಟೆ ಬಿದ್ದುಹೋಗಿತ್ತು.

"ತಿರುವೋಕೆ ಒಂದು ಮೆಷಿನ್ನು ಮಾಡ್ಕೊಡಪ್ಪಾ," ಎಂದರು ಸ್ವಾಮಿಗಳು.

"ಆಗ್ಲಿ ಬುದ್ಧೀ. ನೂರು ವರ್ಷ ಅಲ್ಲಾಡಬಾರದು, ಅಂಥದ್ದು ಮಾಡ್ತೀನಿ."

"ಒಳಗಿನ ಹಿಟ್ಟು ಅಲ್ಲಾಡಿದ್ರೆ ಸಾಕು," ಎಂದರು ಸ್ವಾಮಿಗಳು.

ಷಣ್ಮುಖಪ್ಪ ಅಡಿಗೆಮನೆಗೆ ಅಡ್ಡಲಾಗಿ ಒಂದು ಕಬ್ಬಿಣದ ತೊಲೆ ಕೂರಿಸಿದ. ತೊಲೆಗೆ ಮೋಟಾರು. ಮೋಟಾರಿನ ವೇಗ ಇಳಿಸಿ ಬಲ ಹೆಚ್ಚಿಸಲು ಒಂದು ಗೇರ್‌ಬಾಕ್ಸು. ಅದರಿಂದ ಕೆಳಕ್ಕೆ ಇಳಿದ ಶಾಫ್ಟು, ಶಾಫ್ಟಿನ ತುದಿಗೆ ಹಿಟ್ಟು ತಿರುವುವ ಸ್ಟೀಲಿನ ಕೈ. ಕೆಳಗೆ ಕೊಪ್ಪರಿಗೆ, ಅದು ಕೂತ ಒಲೆಯ ಚೌಕಟ್ಟನ್ನು ನೆಲದ ಕಲ್ಲು ಚಪ್ಪಡಿಗೇ ಬೋಲ್ಟು ಹಾಕಿ ಬಿಗಿದ.

ಅವನ ಅಕ್ಕನ ಮಗಳು ಸಂಗೀತಾ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತಾಳೆ. ನೋಡಲು ಬಂದವಳು ಶಾಫ್ಟಿಗೆ ಸ್ಟೀಲಿನ ಕೈಯನ್ನು ವೆಲ್ಡ್ ಮಾಡಲು ಹೊರಟ ಮಾವನನ್ನು ತಡೆದಳು.

"ಮಾವ, ಇಲ್ಲಿ ವೆಲ್ಡಿಂಗ್ ಬೇಡ. ತೂತು ಹೊಡೆದು ಒಂದು ಸಣ್ಣ ಪಿನ್ನು ಹಾಕು. ಏನಾದ್ರೂ ಸಿಕ್ಕಿಹಾಕ್ಕೊಂಡ್ರೆ ಪಿನ್ನು ಮುರೀತದೆ, ಉಳಿದದ್ದೆಲ್ಲ ಬಚಾವು."

"ಮುರೀಲಿ ಅಂತ ಪಿನ್ನು ಹಾಕೋದೇನೇ?"

"ಹೂಂ. ಕರೆಂಟಿಗೆ ಫ್ಯೂಸ್ ಹಾಕಲ್ವಾ, ಹಂಗೆ."

"ಲೇ, ಮಠದಲ್ಲಿ ಮುರಿದ್ರೆ ಮೂರು ತಾಲ್ಲೂಕಿಗೆ ಗೊತ್ತಾಗ್ತದೆ ಕಣೇ. ಇದನ್ನೇ ಕಾಲೇಜಲ್ಲಿ ಹೇಳ್ಕೊಡ್ತೀಯಾ? ಸಂಬಳನೂ ಕೊಡ್ತಾರಾ?" ಎಂದವನೇ ಕಣ್ಣಿಗೆ ಗಾಜು ಹಿಡಿದು ಕಿಡಿ ಹಾರಿಸಿದ. ವೆಲ್ಡಿಂಗು ಆನೆ ಎಳೆದರೂ ಬಿಡದ ಹಾಗಾಯಿತು.

ಹುಣ್ಣಿಮೆ ಬಂತು. ಎಸರು ಕುದಿಯಿತು, ಹಿಟ್ಟು ಬಿತ್ತು, ಸ್ವಿಚ್ಚು ಒತ್ತಿದರು, ಕೈ ತಿರುಗಿತು. ರಾಜಶೇಖರ ಸಹಿತ ನೆರೆದವರೆಲ್ಲ ತಲೆದೂಗಿದರು. ಓಬಮ್ಮ ಮಾತ್ರ ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದಳು. ಒಳಗೆ ಒಣಹಿಟ್ಟಿನ ಗಂಟು ಉಳಿದಿದೆಯೇ ಎಂದು ಕೋಲಿನಲ್ಲಿ ತಿವಿದು ನೋಡದೆ ಅವಳು ಜನ್ಮದಲ್ಲಿ ಮುದ್ದೆ ಇಳಿಸಿದವಳಲ್ಲ. ಮೆಷಿನ್ನಿಗೆ ಗಂಟು ಗೊತ್ತಾಗುತ್ತದೆಯೇ? ತೋಳು ದಪ್ಪದ ಹುಣಸೆಕೋಲನ್ನು ತಂದು ತಿವಿದೇಬಿಟ್ಟಳು.

ಕೋಲು ಸ್ಟೀಲಿನ ಕೈಗೂ ಕೊಪ್ಪರಿಗೆಗೂ ನಡುವೆ ಸಿಕ್ಕಿಕೊಂಡಿತು. ಓಬಮ್ಮ ಕೋಲು ಬಿಟ್ಟು ಹಾರಿದಳು. ಮೋಟಾರು ನಿಲ್ಲಲಿಲ್ಲ. ಶಾಫ್ಟು ಮುರಿಯಲಿಲ್ಲ. ವೆಲ್ಡಿಂಗು ಬಿಡಲಿಲ್ಲ. ಹುಣಸೆಕೋಲೂ ಷಣ್ಮುಖಪ್ಪನೇ ಮಾಡಿದ್ದೇನೋ ಎಂಬಂತೆ ಗಟ್ಟಿಯಾಗಿ ನಿಂತಿತು. ಯಾರೂ ಸೋಲದಿದ್ದಾಗ ನೆಲ ಸೋತಿತು. ಚಪ್ಪಡಿಗಳು ಕಿತ್ತೆದ್ದವು, ಒಲೆಯ ಚೌಕಟ್ಟು ಕೊಪ್ಪರಿಗೆಯ ಸಮೇತ ಅರ್ಧ ಸುತ್ತು ಹೊಡೆಯಿತು, ಇಡೀ ದಾಸೋಹದ ಹಿಟ್ಟು ಒಂದೇ ಮುದ್ದೆಯಾಗಿ ಉರುಳಿ ಬಾಗಿಲಿನ ತನಕ ಬಂತು. ಯಾರೋ ಮೇನ್ ಸ್ವಿಚ್ಚು ಆರಿಸಿದರು.

ಸದ್ಯ, ಯಾರಿಗೂ ಏನೂ ಆಗಿರಲಿಲ್ಲ. ಮೆಷಿನ್ನಿಗಂತೂ ಒಂದು ಗೀರೂ ಬಿದ್ದಿರಲಿಲ್ಲ. ಆಗಿದ್ದೆಲ್ಲ ಅಡಿಗೆಮನೆಗೆ.

ಸ್ವಾಮಿಗಳು ಬಾಗಿಲಲ್ಲಿ ನಿಂತು ಕಾಲ ಬುಡದ ಮುದ್ದೆಯನ್ನು ನೋಡಿದರು. "ಷಣ್ಮುಖಪ್ಪಾ, ಮುದ್ದೆನ ನಾವು ನುಂಗಬೇಕಪ್ಪಾ, ಅದು ನಮ್ಮನ್ನ ನುಂಗಬಾರದು," ಎಂದರು. ಅಂದು ಬಂದವರಿಗೆಲ್ಲ ಚಿತ್ರಾನ್ನವಾಯಿತು.

"ಬರೋ ಹುಣ್ಣಿಮೆವರೆಗೆ ಅವಕಾಶ ಕೊಡಿ ಬುದ್ಧೀ," ಎಂದು ಬೇಡಿಕೊಂಡು ಬಂದ ಷಣ್ಮುಖಪ್ಪ ಸೀದಾ ಅಕ್ಕನ ಮನೆಗೆ ಹೋದ. ಸಂಗೀತಾ ಬಾಗಿಲು ತೆರೆದಳು.

"ಅದೇನೋ ಪಿನ್ನು ಅಂದ್ಯಲ್ಲವ್ವಾ."

"ಸಂಬಳ ಕೊಡ್ತಾರೆ ಮಾವ, ಒಳಗೆ ಬಾ," ಎಂದಳು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಮುರಿಯುವ ವಸ್ತು ಮಾಡಲು ಷಣ್ಮುಖಪ್ಪನಿಗೆ ಬರುತ್ತಿರಲಿಲ್ಲ. ಮೆಷಿನ್ನನ್ನು ವರ್ಕ್‌ಶಾಪಿಗೆ ತಂದು, ವೆಲ್ಡಿಂಗು ಕತ್ತರಿಸಿ, ಶಾಫ್ಟಿಗೂ ಕೈಗೂ ಸೇರಿಸಿ ಒಂದೇ ತೂತು ಹೊಡೆದ. ಹಳೆಯ ಲಾರಿ ಆಕ್ಸಲ್ಲಿನ ಉಕ್ಕಿನಿಂದ ಪಿನ್ನು ಕಡೆದು ಹಾಕಿದ. ಪರೀಕ್ಷೆಗೆಂದು ಕೈಗೆ ಅಡ್ಡಲಾಗಿ ಮರದ ದಿಮ್ಮಿ ಕೊಟ್ಟರು. ಮೋಟಾರು ಗುಂಯ್‌ಗುಟ್ಟಿ ಹೊಗೆ ಉಗುಳಿತು. ಪಿನ್ನು ಕೂತಲ್ಲೇ ಕೂತಿತ್ತು.

"ಎಂಥ ಪಿನ್ನು ನೋಡು!" ಎಂದ ಷಣ್ಮುಖಪ್ಪ, ಮುಖ ಅರಳಿಸಿ.

"ಮಾವ, ಅದು ಮುರೀಬೇಕು."

ಮಾಮೂಲಿ ಕಬ್ಬಿಣದ್ದು ಮಾಡಿದ. ಅದು ಬಗ್ಗಿತು, ಮುರಿಯಲಿಲ್ಲ. ಬಗ್ಗಿದ್ದು ತೂತಿನಲ್ಲಿ ಕಚ್ಚಿಕೊಂಡು ಹೊರಗೂ ಬರಲಿಲ್ಲ. ಹಿತ್ತಾಳೆಯದು ಮಾಡಲು ಸಂಗೀತಾ ಹೇಳಿದಳು. ನಡುವೆ ಸುತ್ತಲೂ ಒಂದು ಕಚ್ಚು ತೆಗೆದರೆ, ಮುರಿಯುವುದಾದರೆ ಅಲ್ಲೇ ಮುರಿಯುತ್ತದೆ ಎಂದಳು. ಷಣ್ಮುಖಪ್ಪ ಲೇತಿಗೆ ಹಿತ್ತಾಳೆ ಸರಳು ಕೊಟ್ಟು, ಉಳಿ ತಾಗಿಸಿ, ಗೀರು ಮೂಡುತ್ತಲೇ ಹಿಂದಕ್ಕೆಳೆದ.

"ಇನ್ನೂ ಒಂಚೂರು ಮಾವ."

"ಸಾಕು ಬಿಡೇ."

"ಇನ್ನೂ."

"ಕೈಯಾರೆ ಮಗು ಕತ್ತು ಕೊಯ್ದಂಗಾಗ್ತದೆ ಕಣೇ!"

"ಕೊಯ್ಯಿ. ಇಲ್ಲಾಂದ್ರೆ ಮತ್ತೆ ಚಿತ್ರಾನ್ನ."

ಅವನು ಕಣ್ಣು ಕಿರಿದು ಮಾಡಿಕೊಂಡು ಉಳಿಯನ್ನು ಒಳಕ್ಕೆ ಬಿಟ್ಟ. ಹೊಂಬಣ್ಣದ ಚೂರುಗಳು ಉದುರಿದವು. ಈ ಸಲ ದಿಮ್ಮಿ ಅಡ್ಡ ಕೊಟ್ಟ ಕೂಡಲೇ ಟಕ್ ಎಂದಿತು. ಕೈ ನಿಂತಿತು, ಶಾಫ್ಟು ತನ್ನ ಪಾಡಿಗೆ ತಿರುಗುತ್ತಿತ್ತು. ಸಂಗೀತಾ ಚಪ್ಪಾಳೆ ತಟ್ಟಿದಳು. ಷಣ್ಮುಖಪ್ಪನ ಕಣ್ಣು ಮೊದಲು ಎದುರಿನ ಅಂಗಡಿಯ ಕಡೆ ಹೋಯಿತು. ರಾಜಶೇಖರ ನೋಡುತ್ತಿರಲಿಲ್ಲ. ಆ ಪಿನ್ನಿನಂತೆ ಇನ್ನೊಂದಷ್ಟು ಕಡೆದು ಜೇಬಿಗೆ ಹಾಕಿಕೊಂಡ, ಕದ್ದ ಮಾಲಿನ ಹಾಗೆ.

ಮುಂದಿನ ಹುಣ್ಣಿಮೆಯ ಹೊತ್ತಿಗೆ ಚಪ್ಪಡಿಗಳನ್ನು ಮತ್ತೆ ಹಾಸಿ ಮೆಷಿನ್ನು ಕೂರಿಸಿದ್ದಾಯಿತು. ಅಂದು ಮಠದಲ್ಲಿ ಜನ ಜಾಸ್ತಿ. ಪ್ರವಚನಕ್ಕೆ ಬಂದವರಿಗಿಂತ ಮುದ್ದೆ ಉರುಳುವುದನ್ನು ನೋಡಲು ಬಂದವರೇ ಹೆಚ್ಚು. ರಾಜಶೇಖರ ಮುಂದಿನ ಸಾಲಿನಲ್ಲೇ ಇದ್ದ. ಹಿಟ್ಟು ಬಿತ್ತು, ಮೆಷಿನ್ನು ತಿರುಗಿತು. ತಿವಿಯಬಾರದು ಎಂದು ಓಬಮ್ಮನಿಗೆ ನೂರು ಸಲ ಹೇಳಿದ್ದರು. ಓಬಮ್ಮ ನೂರು ಸಲವೂ ಹೂಂ ಎಂದಿದ್ದಳು. ಮುದ್ದೆ ಹದಕ್ಕೆ ಬರುತ್ತಿದ್ದಂತೆ ಅವಳ ಕೈ ಅವಳ ಮಾತು ಕೇಳಲಿಲ್ಲ.

ಟಕ್.

ಸ್ಟೀಲಿನ ಕೈ ನಿಂತಿತು. ಶಾಫ್ಟು ಬರಿದೇ ತಿರುಗುತ್ತಿತ್ತು. ಮುಂದಿನ ಸಾಲಿನಿಂದ ರಾಜಶೇಖರನ ದನಿ ಹಾಯಾಗಿ ತೇಲಿ ಬಂತು: "ಅಯ್ಯೋ, ಮುರಿದೇಹೋಯ್ತಲ್ಲೋ ಬೆಣ್ಣೆ!"

ಷಣ್ಮುಖಪ್ಪನಿಗೆ ಹಳೆಯ ಕುಂಟೆಯೇ ಮತ್ತೆ ಎದುರು ಬಂದು ಬಿದ್ದಂತಾಯಿತು. ಆದರೆ ಚಪ್ಪಡಿ ಅಲ್ಲಾಡಿರಲಿಲ್ಲ. ಕೊಪ್ಪರಿಗೆ ನೆಟ್ಟಗಿತ್ತು, ಒಳಗೆ ಮುದ್ದೆ ಬಿಸಿಬಿಸಿಯಾಗಿ ಕೂತಿತ್ತು. ಅವನು ಸ್ವಿಚ್ಚು ಆರಿಸಿ, ಕೋಲು ಕಿತ್ತು ಓಬಮ್ಮನ ಕೈಗಿತ್ತು, ಸುತ್ತಿಗೆಯಿಂದ ಮುರಿದ ಪಿನ್ನಿನ ತುಂಡುಗಳನ್ನು ಹೊರಕ್ಕೆ ಬಡಿದ. ಜೇಬಿನಿಂದ ಹೊಸದನ್ನು ತೆಗೆದು ತೂರಿಸಿದ. ಮುದ್ದೆಯ ಹಬೆ ಆರುವ ಮೊದಲೇ ಮೆಷಿನ್ನು ಮತ್ತೆ ತಿರುಗುತ್ತಿತ್ತು.

ಆಮೇಲೆ ಆ ತುಂಡನ್ನು ಬೆಳಕಿಗೆ ಹಿಡಿದ. ಕಚ್ಚು ತೆಗೆದಲ್ಲೇ, ಚಾಕುವಿನಲ್ಲಿ ಕತ್ತರಿಸಿದಷ್ಟು ನೀಟಾಗಿ ತುಂಡಾಗಿತ್ತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ಚೆನ್ನಾಗಿ ಮುರಿದದ್ದನ್ನು ಅವನು ಕಂಡೇ ಇರಲಿಲ್ಲ.

"ನೋಡೋ ರಾಜಶೇಖರಾ," ಎಂದು ಸ್ನೇಹಿತನ ಮೂಗಿನ ಬಳಿಗೆ ಒಯ್ದ. "ಎಲ್ಲಿ ಮುರೀಬೇಕು ಅಂದಿದ್ನೋ ಅಲ್ಲೇ ಮುರಿದದೆ. ಒಂದು ಕೂದಲೆಳೆ ಆಚೆ ಹೋಗಿಲ್ಲ, ಈಚೆ ಹೋಗಿಲ್ಲ. ಮಾಡು ನೋಡಾನ ನೀನು!"

"ಬೆಣ್ಣೆ ಅಂದ್ರೂ ಸಿಟ್ಟು ಬರ್ಲಿಲ್ವೇನೋ?"

"ಬೆಣ್ಣೇನೇ ಕಣೋ. ಆ ಬೆಣ್ಣೆಯಿಂದಲೇ ಇವತ್ತು ನಿನಗೆ ಮುದ್ದೆ. ಹೋಗಿ ಪಂಕ್ತೀಲಿ ಕೂತ್ಕೋ."

ಓಬಮ್ಮ ತಿವಿಯುವುದನ್ನು ಬಿಟ್ಟಿಲ್ಲ. ಒಲೆ ಪಕ್ಕದಲ್ಲಿ ಸಾಸಿವೆ ಡಬ್ಬಿಯ ಜೊತೆಗೆ ಈಗ ಪಿನ್ನಿನ ಡಬ್ಬಿಯೂ ಇದೆ. ಅದು ಖಾಲಿಯಾದಾಗ ಫೋನು ಮಾಡುತ್ತಾಳೆ: "ಷಣ್ಮುಖಪ್ಪಾರೇ, ಎಲ್ಲಾ ಮುರಿದೋದ್ವು ಕಣ್ರೀ."

"ಎಲ್ಲಾನೂ? ಭೇಷ್!" ಎನ್ನುತ್ತಾನೆ ಷಣ್ಮುಖಪ್ಪ, ಎದುರಿನ ಅಂಗಡಿಗೂ ಕೇಳುವ ಹಾಗೆ. ಹೇಳಿ, ಲೇತಿಗೆ ಹಿತ್ತಾಳೆ ಸರಳು ಹಾಕುತ್ತಾನೆ.