ಹುಣಸೆಹಣ್ಣು ಹಾಕಿ ತೊಳೆದ ಸ್ಯಾಕ್ಸೋಫೋನ್

ಬ್ಯಾಟರಾಯನಪುರದ ನಾಗಭೂಷಣ ಸ್ಯಾಕ್ಸೋಫೋನ್ ನುಡಿಸುತ್ತಾನೋ ಬರೀ ಕೊಳ್ಳುತ್ತಾನೋ ಎಂಬುದನ್ನು ಅವನ ಬಾಡಿಗೆದಾರರೇ ಹೇಳಬೇಕು. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನ ಬಾಡಿಗೆ ಮನೆಗಳು ಎದ್ದಿವೆ. ಬಾಡಿಗೆ ವಸೂಲಿ ಮಾಡುವುದು, ನೀರಿನ ಮೋಟಾರು ಹಾಕುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿಲ್ಲ. ಹೆಬ್ಬಾಳದ ಒಂದು ಆರತಕ್ಷತೆಯಲ್ಲಿ ಯಾರೋ ಜಾಝ್ ನುಡಿಸಿದ್ದನ್ನು ಕೇಳಿದ ದಿನದಿಂದ, ಕಂಬಳಿ ಹೊದ್ದು ಮಾತಾಡಿದಂತಿದ್ದ ಆ ಬೆಚ್ಚಗಿನ ದನಿ ಅವನ ತಲೆಯೊಳಗೆ ಕೂತುಬಿಟ್ಟಿತು. ಅವತ್ತು ಊಟದ ಎಲೆ ಮುಂದೆ ಕೂತು ಪಾಯಸ ಮರೆತವನು ಅವನೊಬ್ಬನೇ.

ವಾದ್ಯ ಬಂತು. ಅದನ್ನು ಊದಿದರೆ ಬಂದದ್ದು ಮಾತ್ರ ಯಶವಂತಪುರದ ಗೂಡ್ಸ್ ಗಾಡಿಯ ದನಿ.

"ಸೌಂಡ್ ಯಾಕೆ ಬರ್ತಿಲ್ಲ?" ಎಂದು ಅವನು ಸ್ಯಾಕ್ಸೋಫೋನ್ ಹುಚ್ಚಿನವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ. ಊದಿ ಅಭ್ಯಾಸ ಮಾಡು ಎಂದು ಅಲ್ಲಿ ಒಬ್ಬನೂ ಹೇಳಲಿಲ್ಲ. ಬಾಯಿಗಿಡುವ ಮೌತ್‌ಪೀಸ್ ಬದಲಿಸಿ ಎಂದರು. ಲೋಹದ್ದು ತಂದ; ದನಿ ಚೂರಿಯಂತೆ ಚುಚ್ಚಿತು. ಕಪ್ಪು ರಬ್ಬರಿನದು ತಂದ. ದನಿ ಮೆತ್ತಗಾಯಿತು, ಆದರೆ ನೆಗಡಿಯಾದವನ ಹಾಗೆ. ಬಾಯಿ ಅಗಲವಿರುವುದನ್ನು ತಗೊಳ್ಳಿ ಎಂದರು. ಅದಕ್ಕೆ ಕಟ್ಟುವ ರೀಡ್, ಎಂದರೆ ನಡುಗಿ ದನಿ ಹುಟ್ಟಿಸುವ ಜೊಂಡಿನ ತೆಳು ಪಟ್ಟಿ, ಗಟ್ಟಿಯಿದ್ದಷ್ಟೂ ಗಂಡಸುತನ ಎಂದರು. ಅಗಲ ಬಾಯಿಗೆ ಗಟ್ಟಿ ರೀಡ್ ಕಟ್ಟಿಕೊಂಡು ಊದಿದ ನಾಗಭೂಷಣನಿಗೆ ಕಣ್ಣು ಕತ್ತಲೆ ಬಂದು ಸೋಫಾದ ಮೇಲೆ ಕೂರಬೇಕಾಯಿತು. ಇದು ಸರಿಯಾದ ದಾರಿಯೇ ಇರಬೇಕು ಎಂದು ಅವನಿಗೆ ಅನ್ನಿಸಿತು.

ಕೊನೆಗೆ ಗುಂಪಿನ ಹಿರಿಯರೊಬ್ಬರು ಗುಟ್ಟು ಬಿಟ್ಟುಕೊಟ್ಟರು. ಮೆರುಗೆಣ್ಣೆ ಬಳಿದ ಹೊಳೆಯುವ ವಾದ್ಯದಲ್ಲಿ ಸ್ವರ ಉಸಿರುಗಟ್ಟುತ್ತದೆ. ಮೆರುಗು ಹೋಗಿ ಕಿಲುಬು ಹಿಡಿದ ಹಳೇ ಹಿತ್ತಾಳೆಯೇ ಹಾಡುವುದು. ನಾಗಭೂಷಣ ಕಂದು ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಹಸಿರು ಕಟ್ಟಿದ್ದ ಒಂದು ಹಳೇ ವಾದ್ಯ ಹುಡುಕಿ ತಂದ. ಅದಕ್ಕೆ ಬಟ್ಟೆ ಸೋಕಿಸುವುದನ್ನೂ ಮನೆಯಲ್ಲಿ ನಿಷೇಧಿಸಿದ.

ಆ ಹೊತ್ತಿಗೇ ಆರ್.ಟಿ. ನಗರದ ಬಾಲರಾಜ್ ಅವರ ಜಾಝ್ ತಂಡದಲ್ಲಿ ಸ್ಯಾಕ್ಸೋಫೋನಿನ ಜಾಗ ಖಾಲಿಯಾಯಿತು. ನುಡಿಸುತ್ತಿದ್ದವನು ಗೋವಾ ಸೇರಿದ್ದ. ಉಮೇದುವಾರರು ಇಬ್ಬರು: ನಾಗಭೂಷಣ, ಮತ್ತು ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಫರ್ಹೀನ್. ಅವಳದು ಶಾಲೆಯ ಮಕ್ಕಳು ಕಲಿಯುವ ಮಾದರಿಯ ವಾದ್ಯ, ಅದರ ಜೊತೆ ಬಂದ ಪುಕ್ಕಟೆ ಮೌತ್‌ಪೀಸ್. ಹಬ್ಬದ ಹಿಂದಿನ ವಾರ ಇಬ್ಬರನ್ನೂ ಒಮ್ಮೆ ಕೇಳಿದ್ದ ಬಾಲರಾಜ್, ವಿಜಯದಶಮಿಯ ಸಂಜೆ ಇನ್ನೊಮ್ಮೆ ಕೇಳಿ ತೀರ್ಮಾನ ಹೇಳುತ್ತೇನೆ ಎಂದಿದ್ದರು. ನಾಗಭೂಷಣ ಆಗಲೇ ಕರಿ ಕೋಟು ಹೊಲಿಸಿ, ಬೀದಿಗೆಲ್ಲ ಸುದ್ದಿ ಮಾಡಿದ್ದ. ಆ ಜಾಗ ತಪ್ಪಿದರೆ ಹಾಲಿನ ಬೂತಿಗೂ ಮುಖ ತೋರಿಸುವಂತಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಅವನು ಸ್ನಾನ ಮಾಡಿ ಹೊರಗೆ ಬಂದರೆ, ದೇವರ ಮುಂದೆ ಕಾರಿನ ಕೀ, ಮೋಟಾರಿನ ಸ್ಪ್ಯಾನರ್, ಮಚ್ಚು, ಕುಡುಗೋಲು. ಅವುಗಳ ನಡುವೆ ಅರಿಶಿನ ಕುಂಕುಮ ಇಟ್ಟುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು, ಕಳಶದ ಚೊಂಬಿಗಿಂತ ಹೆಚ್ಚು ಥಳಥಳಿಸುತ್ತಿತ್ತು ಅವನ ಸ್ಯಾಕ್ಸೋಫೋನ್.

"ಅವ್ವಾ! ಏನ್ ಮಾಡ್ದೆ ಇದನ್ನ?"

"ಉಣಸೇಹಣ್ಣು ಆಕಿ ಉಜ್ದೆ ಕಣ್ಲಾ," ಎಂದಳು ಅವನ ತಾಯಿ ಗೌರಮ್ಮ ಹೆಮ್ಮೆಯಿಂದ. "ಕಿಲುಬು ಇಡ್ದಿರೋ ಇತ್ತಾಳೆನಾ ದೇವ್ರ ಮುಂದೆ ಇಡೋಕಾಯ್ತದಾ? ತೂತು ಮುಚ್ಚೋ ತೊಗಲಿನ ಬಿಲ್ಲೆಗಳ್ಗೆ ನೀರು ತಾಕಿಸಿಲ್ಲ, ಬಟ್ಟೇಲಿ ಒರೆಸಿವ್ನಿ. ಕೈ ಬಿದ್ದೋಗ್ಯದೆ."

"ಆ ಕಿಲುಬಲ್ಲೇ ಕಣವ್ವ ಸೌಂಡ್ ಇದ್ದಿದ್ದು!"

"ಅಂಗಂದ್ರೆ ನಮ್ಮನೆ ಕೊಳಗದಲ್ಲಿ ಸಂಗೀತ ಕಚೇರಿ ನಡೀಬೇಕಿತ್ತು, ಬಿಡು."

ಮುಟ್ಟಲು ಹೋದರೆ ಕೈಗೆ ಪೆಟ್ಟು ಬಿತ್ತು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ನಾಗಭೂಷಣ ಇಡೀ ದಿನ ಹೆಣ ಕಾಯುವವನಂತೆ ದೇವರ ಕೋಣೆಯ ಬಾಗಿಲಲ್ಲಿ ಕೂತ.

ಮರುದಿನ ಸಂಜೆ ಆರ್.ಟಿ. ನಗರದಲ್ಲಿ, ಬಾಲರಾಜ್ ಅವರ ಮಹಡಿ ಮನೆಯಲ್ಲಿ ಪೆಟ್ಟಿಗೆ ತೆರೆಯುವ ಮೊದಲೇ ಅವನು ಶುರು ಮಾಡಿದ. "ಬಾಲರಾಜ್ ಸಾರ್, ಒಂದ್ ವಿಷಯ. ನಮ್ಮವ್ವ ಇದನ್ನ ತೊಳೆದ್ಬಿಟ್ಟವ್ರೆ. ಇವತ್ತು ನನ್ ಸೌಂಡ್ ಇರಲ್ಲ."

ಬಾಲರಾಜ್ ಕಿಟಕಿಯ ಕಡೆ ಮುಖ ಮಾಡಿ ಚಹಾ ಸೋಸುತ್ತಿದ್ದರು. "ಊದಿ ಸ್ವಾಮಿ, ಕೇಳೋಣ."

ನಾಗಭೂಷಣ ಊದಿದ. ಗಟ್ಟಿ ರೀಡಿನ ಸಂದಿನಿಂದ ಗಾಳಿ ಬುಸುಗುಟ್ಟಿತು. ಸ್ವರ ಹೊರಗೆ ಬರಲು ಒಪ್ಪದೆ, ಕೊನೆಗೆ ಕಿರುಚಿಕೊಂಡೇ ಬಂತು.

"ಏನ್ ಸಾರ್, ಹೋದ್ ವಾರದ್ದೇ ಸೌಂಡ್," ಎಂದರು ಬಾಲರಾಜ್ ತಿರುಗದೆ.

"ಅದೇನ್ ಸಾರ್ ಹಂಗಂತೀರ? ಕಿಲುಬೇ ಹೋಗಿದೆ!"

"ಹೋದ್ ವಾರದ ಬುಸ್ ಒಂದೂ ಹೋಗಿಲ್ಲ. ಪಾಪ ಅಮ್ಮನ ಮೇಲ್ಯಾಕ್ ಹಾಕ್ತೀರಿ? ಫರ್ಹೀನ್, ಅವರದ್ದನ್ನ ನೀನೊಂದ್ಸಲ ಊದಮ್ಮ."

ಫರ್ಹೀನ್ ತನ್ನ ಪುಕ್ಕಟೆ ಮೌತ್‌ಪೀಸನ್ನೂ ಮೆತ್ತನೆಯ ರೀಡನ್ನೂ ಆ ಹೊಳೆಯುವ ವಾದ್ಯಕ್ಕೆ ಸಿಕ್ಕಿಸಿದಳು. ಒಂದೇ ಒಂದು ಸ್ವರ, ತಗ್ಗಿನದು, ಉದ್ದವಾಗಿ ಬಂತು. ಹೆಬ್ಬಾಳದ ಆರತಕ್ಷತೆಯ ಕಂಬಳಿ ದನಿ. ನಾಗಭೂಷಣನ ಕುತ್ತಿಗೆಯ ಕೂದಲು ನಿಮಿರಿತು. ತನ್ನ ವಾದ್ಯದೊಳಗೆ ಆ ದನಿ ಇಷ್ಟು ದಿನ ಬಾಡಿಗೆ ಕೊಡದೆ ಅಡಗಿ ಕೂತಿತ್ತೆ ಎಂದು ಅವನಿಗೆ ಸಿಟ್ಟೂ ಬಂತು.

"ಸಖತ್ತಾಗಿದೆ ಅಂಕಲ್ ಇದು," ಎಂದಳು ಅವಳು. "ಸ್ವಲ್ಪ ಹುಳಿ ವಾಸನೆ, ಅಷ್ಟೇ."

ಜಾಗ ಫರ್ಹೀನಳ ಪಾಲಾಯಿತು. ಬಾಲರಾಜ್ ಮೆಟ್ಟಿಲವರೆಗೂ ಬಂದರು. "ನಾಗಭೂಷಣ್ ಸಾರ್, ಬುಧವಾರ ಬನ್ನಿ. ಒಂದೇ ಮೌತ್‌ಪೀಸು, ಇಕ್ಕಟ್ಟು ಬಾಯಿದು. ಮೆತ್ತನೆ ರೀಡು. ಮೂರ್ ತಿಂಗಳು ಉದ್ದುದ್ದ ಸ್ವರ ಊದಿ. ಅಲ್ಲೀವರ್ಗೂ ಏನೂ ಕೊಳ್ಳಂಗಿಲ್ಲ."

"ಸ್ಟ್ಯಾಂಡು?"

"ಅದೂ ಇಲ್ಲ."

ಮನೆಯಲ್ಲಿ ಗೌರಮ್ಮ ಅವನ ಮುಖ ನೋಡಿದಳು. "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ," ಎಂದಷ್ಟೇ ಹೇಳಿ ಮುದ್ದೆ ಬಡಿಸಿದಳು.

ಬೀದಿಯವರಿಗೆ ಏನು ಹೇಳುವುದೆಂದು ತಿಳಿಯದೆ ನಾಗಭೂಷಣ ಗುಂಪಿಗೆ ನಿಜವನ್ನೇ ಬರೆದ: ಕಿಲುಬು ಹೋಯಿತು, ದನಿ ಕೂದಲೆಳೆಯಷ್ಟೂ ಬದಲಾಗಲಿಲ್ಲ, ಕೆಟ್ಟದ್ದು ನನ್ನ ಊದಾಟವೇ. ಜೊತೆಗೆ ಥಳಥಳ ಹೊಳೆಯುವ ವಾದ್ಯದ ಫೋಟೋ ಹಾಕಿದ. ಬರೆದದ್ದನ್ನು ಯಾರೂ ಓದಿದಂತೆ ಕಾಣಲಿಲ್ಲ. ಬಾಗಲಗುಂಟೆಯ ಸದಸ್ಯರೊಬ್ಬರು ಕೇಳಿದ್ದರು: "ಅದ್ಭುತ ಫಿನಿಶ್ ಗುರು! ಹೊಸ ಹುಣಸೆನಾ, ಹಳೆ ಹುಣಸೆನಾ? ಹಳೇದ್ರಲ್ಲಿ ಸೌಂಡ್ ಇನ್ನೂ ಡಾರ್ಕ್ ಬರುತ್ತಂತಲ್ಲ?"

ಉತ್ತರಿಸಲು ಬೆರಳು ತುರಿಸಿತು. ಹಳೆ ಹುಣಸೆಯೇ ಮೇಲು ಎಂದು ಅವನಿಗೂ ಒಂದು ಗಳಿಗೆ ಅನ್ನಿಸಿತ್ತು. ಆದರೆ ಫೋನನ್ನು ಅಕ್ಕಿ ಡಬ್ಬದ ಮೇಲೆ ಮಗುಚಿಟ್ಟು, ಮೊದಲ ವಾದ್ಯದ ಜೊತೆ ಬಂದಿದ್ದ ಇಕ್ಕಟ್ಟು ಬಾಯಿಯ ಮೌತ್‌ಪೀಸಿಗೆ ಅದರದೇ ಮೆತ್ತನೆ ರೀಡ್ ಕಟ್ಟಿಕೊಂಡು ಅವನು ಒಂದು ತಗ್ಗಿನ ಸ್ವರ ಹಿಡಿದ. ಅದು ನಡುಗಿತು, ಒಡೆಯಿತು, ಒಂದು ಉಸಿರಿನಷ್ಟು ಹೊತ್ತು ನೆಟ್ಟಗೆ ನಿಂತಿತು.

ಮೇಲಿನ ಮಹಡಿಯ ಬಾಡಿಗೆದಾರರು ಎಂದಿನಂತೆ ಕಿಟಕಿ ಮುಚ್ಚಿದರು.