ತ್ಯಾಂಪಣ್ಣ ಮಾವನ ಕಾರಿಗೆ ಕೂತ ಜೀಪಿನ ಎಂಜಿನ್

ಮೂಡುಬಿದಿರೆಯ ನಮ್ಮ ಪಕ್ಕದ ಮನೆಯವರು ಬ್ಯಾಟರಿ ಸ್ಕೂಟರು ಕೊಂಡಿದ್ದಾರೆ. ಸದ್ದೆಂಬುದೇ ಇಲ್ಲ. ಮೊನ್ನೆ ಗೇಟಿನ ಬಳಿ ಪೇಪರ್ ಓದುತ್ತ ನಿಂತಿದ್ದವನ ಬೆನ್ನಿಗೇ ಬಂದು "ನಮಸ್ಕಾರ" ಎಂದರು. ನನ್ನ ಪ್ರಾಣ ಬಾಯಿಗೆ ಬಂತು. ಅವರ ಹೆಂಡತಿಯದೂ ಅದೇ ದೂರು. "ಇವರು ಬಂದದ್ದೇ ಗೊತ್ತಾಗುದಿಲ್ಲ ಮಾರಾಯ್ರೇ. ಮೊದಲಾದ್ರೆ ತಿರುವಿನಲ್ಲಿ ಸದ್ದು ಕೇಳಿದ ಕೂಡ್ಲೇ ಚಾಕ್ಕೆ ನೀರಿಡ್ತಿದ್ದೆ." ನೀವು ನಗಬಹುದು, ನಾನೂ ನಕ್ಕೆ. ಒಳಗೆ ಬಂದು ಕೂತ ಮೇಲೆ ಮಾತ್ರ ನಗು ಉಳಿಯಲಿಲ್ಲ. ಸದ್ದು ಕೇಳಿ ಅನ್ನ ಬಡಿಸುತ್ತಿದ್ದ ಇನ್ನೊಬ್ಬರನ್ನು ನಾನು ಬಲ್ಲೆ.

ತ್ಯಾಂಪಣ್ಣ ಮಾವ ನನ್ನ ತಾಯಿಯ ಅಣ್ಣ. ಬಿ.ಸಿ. ರೋಡಿನಲ್ಲಿ ಹೋಟೆಲು ಇಟ್ಟಿದ್ದರು. ಉಪ್ಪಿಟ್ಟಿಗೆ ಹಾಕುವ ಸಾಸಿವೆಯನ್ನೂ ಅಳೆದು ತೂಗುವ ಮನುಷ್ಯ, ತೊಂಬತ್ತರ ದಶಕದ ಕೊನೆಗೆ ಒಂದೇ ಒಂದು ಹುಚ್ಚು ಕೆಲಸ ಮಾಡಿದರು. ಘಟ್ಟದ ಮೇಲಿನ ಎಸ್ಟೇಟೊಂದರ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರನ್ನು ಲಾರಿಗೆ ಹೇರಿಸಿಕೊಂಡು ತಂದರು. ಎರಡೇ ಸೀಟು, ಮಡಚುವ ಟಾಪು, ಉದ್ದನೆಯ ಮೂಗು. ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಇದರಲ್ಲಿ ತರಕಾರಿ ಎಲ್ಲಿ ಇಡುದು?" ಎಂದಷ್ಟೇ ಕೇಳಿದರು.

ಕಾರಿನ ಎಂಜಿನ್ ಪೂರ್ತಿ ಜಾಮ್ ಆಗಿತ್ತು. ಸೌದಿಯ ದಮ್ಮಾಮಿನಲ್ಲಿ ಹದಿನೈದು ವರ್ಷ ಮೆಕ್ಯಾನಿಕ್ ಆಗಿದ್ದು, ಸಿದ್ಧಕಟ್ಟೆಗೆ ಮರಳಿ ಗ್ಯಾರೇಜು ಹಾಕಿದ್ದ ಬ್ಯಾರಿ ಹಸನಬ್ಬಾಕ ಬಾನೆಟ್ ಎತ್ತಿ ನೋಡಿ ತಲೆಯಾಡಿಸಿದರು.

"ಇದರ ಸಾಮಾನು ಈ ದೇಶದಲ್ಲೇ ಸಿಗ್ಲಿಕ್ಕಿಲ್ಲ ತ್ಯಾಂಪಣ್ಣ. ಒಂದು ಜೀಪಿನ ಡೀಸೆಲ್ ಎಂಜಿನ್ ಕೂರಿಸುವ."

"ಕೂರಿಸುವ. ಆದ್ರೆ ಜನ ಸತ್ತ ಗಾಡಿದ್ದು ಮಾತ್ರ ಬೇಡ ಬ್ಯಾರಿಗಳೇ. ಅದೊಂದು ನನಗೆ ಆಗುದಿಲ್ಲ," ಎಂದರು ಮಾವ.

ಎಂಜಿನ್ ಹುಡುಕಲು ಹಸನಬ್ಬಾಕ ಬೆಳ್ತಂಗಡಿಯ ಕಡೆಯ ಗುಜರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಆಗ ಹೊಸದಾಗಿ ಮೇಷ್ಟ್ರಾಗಿದ್ದೆ. ಆ ಕಾರಿನಲ್ಲಿ ಒಮ್ಮೆ ಶಾಲೆಯ ಮುಂದೆ ಇಳಿಯಬೇಕೆಂಬ ಆಸೆ ನನಗೆ ಮಾವನಿಗಿಂತ ಒಂದು ಕೈ ಹೆಚ್ಚೇ ಇತ್ತು. ಹಸನಬ್ಬಾಕ ಅಂಗಳದ ಆಚೆ ತುದಿಯಲ್ಲಿ ಗೇರ್‌ಬಾಕ್ಸ್ ಆರಿಸುತ್ತಿದ್ದರು. ಅವರು ಮೊದಲೇ ಮೆಚ್ಚಿದ್ದ ಎಂಜಿನ್ನಿನ ಮೇಲಿನ ಮಣ್ಣನ್ನು ಒರೆಸುತ್ತಿದ್ದ ಗುಜರಿಯವನು ನನ್ನೊಡನೆ ಸುಮ್ಮನೆ ಮಾತಿಗೆಂಬಂತೆ ಹೇಳಿದ: "ಇದು ಲೋಕಯ್ಯನ ಬಾಡಿಗೆಗೆ ಜನ ಒಯ್ಯುವ ಸರ್ವಿಸ್ ಜೀಪಿದ್ದು. ಎರಡು ವರ್ಷ ಆಯ್ತು, ಚಾರ್ಮಾಡಿ ಘಾಟಿಯಲ್ಲಿ ಕೆಳಗೆ ಬಿತ್ತಲ್ಲ. ಪಾಪ, ಲೋಕಯ್ಯ ಉಳಿಲಿಲ್ಲ."

ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಹೇಳಿದ್ದರೆ ಎಂಜಿನ್ ಅಲ್ಲೇ ಉಳಿಯುತ್ತಿತ್ತು, ನನ್ನ ಸವಾರಿಯೂ ಅಲ್ಲೇ ಉಳಿಯುತ್ತಿತ್ತು. ಕಬ್ಬಿಣಕ್ಕೆ ಏನು ಗೊತ್ತು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಎರಡು ತಿಂಗಳು ಕೆಲಸ ನಡೆಯಿತು. ಜೀಪಿನ ಎಂಜಿನ್ ಎತ್ತರದ್ದು. ಬಾನೆಟ್ ಕತ್ತರಿಸಿ ಮೇಲೊಂದು ಗೂನು ಬೆಸುಗೆ ಹಾಕಿದರು. ಭಾರಕ್ಕೆ ಮೂಗು ನೆಲ ಮುಟ್ಟತೊಡಗಿದಾಗ ಮುಂದಿನ ಸ್ಪ್ರಿಂಗ್ ಬದಲಿಸಿದರು. ಕೊನೆಗೆ ಸ್ಟಾರ್ಟ್ ಆದಾಗ ಅದು ಮೂರು ಸಲ ಬಡಿದು, ನಾಲ್ಕನೆಯದನ್ನು ನುಂಗಿ, ಮತ್ತೆ ಮೂರು ಸಲ ಬಡಿಯುತ್ತಿತ್ತು. ಹಸನಬ್ಬಾಕ ಏನೆಲ್ಲ ಬಿಚ್ಚಿ ಜೋಡಿಸಿದರೂ ಆ ನುಂಗುವಿಕೆ ಹೋಗಲಿಲ್ಲ. "ಇದು ರಿಪೇರಿಗೆ ಬಗ್ಗುದಿಲ್ಲ. ಯಾರೋ ಅಭ್ಯಾಸ ಮಾಡಿಸಿಟ್ಟಿದ್ದಾರೆ," ಎಂದು ಕೈ ಒರೆಸಿಕೊಂಡರು. ನನಗೆ ಗುಜರಿಯವನ ಮಾತು ನೆನಪಾಯಿತು. ಆಗಲೂ ಬಾಯಿ ಬಿಡಲಿಲ್ಲ.

ದೀಪಾವಳಿಯ ಸಮಯ. ಘಾಟಿ ಹತ್ತಿಸಿ ನೋಡುವ ಎಂದು ಮಾವನೇ ಚಾರ್ಮಾಡಿಯ ದಾರಿ ಹಿಡಿದರು. ಅವರ ಪಕ್ಕದಲ್ಲಿ ನಾನು. ಸೀಟಿನ ಹಿಂದಿನ ಸಂದಿಯಲ್ಲಿ ನೀರಿನ ಕ್ಯಾನು ಅಪ್ಪಿಕೊಂಡು ಹಸನಬ್ಬಾಕ. ಹಳೆಯ ಕಾರಿನ ಸಣ್ಣ ರೇಡಿಯೇಟರಿಗೆ ಜೀಪಿನ ಬಿಸಿ ತಡೆಯಲಿಲ್ಲ. ಕ್ಯಾನಿನ ನೀರೂ ಮುಗಿದು ಬಾನೆಟ್ಟಿನಿಂದ ಹೊಗೆ ಏಳತೊಡಗಿದಾಗ ಮುಸ್ಸಂಜೆ. ನೀರು ಕೇಳಲೆಂದು ರಸ್ತೆ ಬದಿಯ ಒಂದು ಮನೆಯ ಮುಂದೆ ನಿಲ್ಲಿಸಿದರು. ಬ್ಯಾಟರಿ ಬಲವಿಲ್ಲದ್ದರಿಂದ ಎಂಜಿನ್ ಬಂದ್ ಮಾಡಲಿಲ್ಲ.

ಅಂಗಳದಲ್ಲಿ ಏಳೆಂಟು ಜನ ನಿಂತಿದ್ದರು. ಮನೆಯ ಬಾಗಿಲು ಹಾಕಿತ್ತು. ಒಬ್ಬರೂ ಮಾತಾಡುತ್ತಿರಲಿಲ್ಲ. ನನಗೂ ಮಾವನಿಗೂ ತಕ್ಷಣ ಗೊತ್ತಾಯಿತು. ತೀರಿಕೊಂಡವರಿಗೆ ಬಡಿಸುವ ಕ್ರಮ ನಮ್ಮ ಮನೆಯಲ್ಲೂ ಉಂಟು: ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವುದು, ಒಂದು ಊಟದಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಗೆ ಹೋಗುವುದು. ಅಂಥ ಹೊತ್ತಿನಲ್ಲಿ ಬಂದೆವಲ್ಲ ಎಂದು ಮಾವ ನಾಚಿ, ಎಂಜಿನ್ ನಿಲ್ಲಿಸಲು ಎಳೆಯುವ ಗುಬ್ಬಿಗೆ ಕೈ ಹಾಕಿದರು.

"ನಿಲ್ಲಿಸ್ಬೇಡಿ!"

ಗುಂಪಿನಿಂದ ಹೆಂಗಸೊಬ್ಬರು ಗೇಟಿನವರೆಗೆ ಓಡಿ ಬಂದಿದ್ದರು. ಕಾರನ್ನು ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಕಿವಿ ಮಾತ್ರ ಈ ಕಡೆಗಿತ್ತು. "ನಿಲ್ಲಿಸ್ಬೇಡಿ. ಅವರು ಉಣ್ತಾ ಇದ್ದಾರೆ."

ಹಿಂದೆ ಬಂದ ಮುದುಕಿ, ಅವರ ಅತ್ತೆಯಂತೆ, ಮೆಲ್ಲಗೆ ನಮಗೆ ಹೇಳಿದರು. "ನನ್ನ ಮಗ ಲೋಕಯ್ಯನ ಹೆಂಡತಿ ಇವಳು, ಗಿರಿಜ. ಅವನು ಸಂಜೆಯ ಟ್ರಿಪ್ಪಿಗೆ ಮೊದಲು ಉಣ್ಲಿಕ್ಕೆ ಬರ್ತಿದ್ದ. ಸದ್ದು ಕೇಳಿದ ಕೂಡ್ಲೇ ಇವಳು ಅನ್ನ ಬಡಿಸ್ತಿದ್ದಳು. ಜೀಪು ನಿಲ್ಲಿಸಿದ್ರೆ ಮತ್ತೆ ದೂಡ್ಬೇಕು. ಹಾಗೆ ಚಾಲು ಇಟ್ಟೇ ಉಣ್ಣುದು. ಅವನು ಸತ್ತಿದ್ದಾನೆ ಅಂತ ಇವಳು ಒಪ್ಪಲೇ ಇಲ್ಲ. ಎರಡು ವರ್ಷ ಆದ ಮೇಲೆ ಇವತ್ತು ಮೊದಲ ಸಲ ಬಡಿಸ್ಲಿಕ್ಕೆ ಬಿಟ್ಟದ್ದು."

ಮಾವ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

ಮೂರು ಬಡಿತ, ಒಂದು ಮೌನ. ಮೂರು ಬಡಿತ, ಒಂದು ಮೌನ. ಅಂಗಳದಲ್ಲಿ ಯಾರೂ ಕದಲಲಿಲ್ಲ. ಕಾಲು ಗಂಟೆಯಾಗಿರಬಹುದು. ನೀರಿಲ್ಲದ ಎಂಜಿನ್ ಅಷ್ಟು ಹೊತ್ತಿಗೆ ಕಚ್ಚಿಕೊಂಡು ನಿಲ್ಲಬೇಕಿತ್ತು. ಹಸನಬ್ಬಾಕ ಬಾನೆಟ್ ಎತ್ತಿ, ಎಂಜಿನ್ನಿನ ತಲೆಯ ಮೇಲೆ ಅಂಗೈ ಇಟ್ಟರು. ಇಟ್ಟ ಕೈಯನ್ನು ತೆಗೆಯಲಿಲ್ಲ. "ತಣ್ಣಗೆ ಉಂಟು ಮಾಷ್ಟ್ರೇ," ಎಂದರು. ನನಗೆ ಮುಟ್ಟಿ ನೋಡುವ ಧೈರ್ಯವಾಗಲಿಲ್ಲ.

ಗಿರಿಜಕ್ಕ ಬಾಗಿಲು ತಟ್ಟಿ ಒಳಗೆ ಹೋದರು. ಹೊರಗೆ ಬಂದವರು ನೇರ ಕಾರಿಗೆ ಬಂದು, ಒಳಗೆ ಕೈ ಚಾಚಿ, ಗುಬ್ಬಿ ಎಳೆದರು. ಎಂಜಿನ್ ನಿಂತಿತು. ಆಗ ಅವರು ಅತ್ತರು. ಗೇಟಿನ ಕಂಬ ಹಿಡಿದು, ಎರಡು ವರ್ಷದ್ದನ್ನು ಒಟ್ಟಿಗೆ ಅತ್ತರು.

"ಇದು ನಿಮಗೆ ಎಲ್ಲಿ ಸಿಕ್ಕಿತು?" ಎಂದು ಮಾವನನ್ನು ಕೇಳಿದರು. ಮಾವನಿಗೆ ಏನು ಗೊತ್ತು? ನಾನೇ ಹೇಳಿದೆ, ಎರಡು ತಿಂಗಳ ಹಿಂದೆ ಗುಜರಿಯಲ್ಲಿ ಕೇಳಿದ್ದನ್ನೂ, ಕೇಳಿ ಮುಚ್ಚಿಟ್ಟದ್ದನ್ನೂ.

"ಗೊತ್ತಿದ್ದೂ ಎರಡು ತಿಂಗಳು ಸುಮ್ಮನೆ ಕೂತ್ರಾ?" ಬೈಗುಳವಿರಲಿಲ್ಲ ಆ ದನಿಯಲ್ಲಿ. "ನಾನಿಲ್ಲಿ ದಿನಾ ಒಂದು ಬಟ್ಟಲು ಅನ್ನ ಎತ್ತಿಡ್ತಿದ್ದೆ." ಮತ್ತೆ ಕಣ್ಣೊರೆಸಿಕೊಂಡು ಹೇಳಿದರು: "ಇನ್ನು ಈ ದಾರಿಯಲ್ಲಿ ತರಬೇಡಿ. ಅವರದ್ದು ಉಂಡಾಯ್ತು."

ಅಂಗಳದವರೇ ನೀರು ತುಂಬಿಸಿ, ದೂಡಿ ಸ್ಟಾರ್ಟ್ ಮಾಡಿಕೊಟ್ಟರು. ವಾಪಸು ಬರುವಾಗ ಮಾವ ನನ್ನನ್ನು ಹಿಂದಿನ ಸಂದಿಗೆ ಕಳಿಸಿ, ಹಸನಬ್ಬಾಕರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆ ಕಾರಿನಲ್ಲಿ ಶಾಲೆಯ ಮುಂದೆ ಇಳಿಯುವ ಮುಖ ನನಗೂ ಉಳಿದಿರಲಿಲ್ಲ. ಮಾವ ಇರುವವರೆಗೂ ಅದು ಬೆಳ್ತಂಗಡಿ ದಾಟಿ ಚಾರ್ಮಾಡಿಯ ಕಡೆಗೆ ಹೋಗಲಿಲ್ಲ.

ಈಗ ಮಾವ ಇಲ್ಲ. ಕಾರು ನನ್ನ ಪಾಲಿಗೆ ಬಂದಿದೆ. ನಿನ್ನೆ ಮಿಜಾರಿನ ಕಾಲೇಜಿನ ಒಬ್ಬರು ಲೆಕ್ಚರರ್ ಕೊಳ್ಳಲೆಂದು ಬಂದು, ಬಾನೆಟ್ಟಿನ ಗೂನು ನೋಡಿ ಎಂಜಿನ್ ಯಾವುದೆಂದು ಕೇಳಿದರು. ಕುರ್ಚಿ ಹಾಕಿ ಕೂರಿಸಿ, ಒಂದನ್ನೂ ಬಿಡದೆ ಹೇಳಿದೆ. ಅವರು ಚಹಾ ಅರ್ಧಕ್ಕೇ ಬಿಟ್ಟು, "ಯೋಚಿಸಿ ಹೇಳ್ತೇನೆ" ಎಂದು ಎದ್ದರು. ತೆಗೆದುಕೊಳ್ಳಲಿ, ಬಿಡಲಿ. ಗೇಟಿನವರೆಗೆ ಹೋಗಿ ಇನ್ನೊಮ್ಮೆ ಹೇಳಿದೆ: "ಚಾರ್ಮಾಡಿ ರಸ್ತೆಗೆ ಮಾತ್ರ ಒಯ್ಯಬೇಡಿ. ಅಲ್ಲಿ ಒಬ್ಬರು ಅನ್ನ ಎತ್ತಿಡುವುದನ್ನು ಬಿಟ್ಟಿದ್ದಾರೆ."