ಚೀಲ ಹೊತ್ತಂತೆ ನಿಂತ ಲಕ್ಕಪ್ಪ

ಲಕ್ಕಪ್ಪ ಅಣ್ಣಿಗೇರಿ ಮಾರ್ಕೆಟ್ಟಿನಲ್ಲಿ ಇಪ್ಪತ್ತಾರು ವರ್ಷದ ಹಮಾಲ. ಕಡಲೆ ಚೀಲ ಹೊತ್ತು ಹಲಗೆ ಏರಿ ಲಾರಿ ತುಂಬುವಾಗ ಅವನು ಆಯ ತಪ್ಪಿದ್ದನ್ನು ಕಂಡವರಿಲ್ಲ. ಹಾಗಂತ ಅವನೇ ಎಲ್ಲರಿಗೂ ಹೇಳುತ್ತಾನೆ. ಹೋದ ವರ್ಷ ಎಡ ಮೊಣಕಾಲಿನ ಸಂದಿನಲ್ಲಿ ಮೆತ್ತೆಯಂತಿರುವ ಪದರ ಹರಿಯಿತು. ಹುಬ್ಬಳ್ಳಿಯ ಡಾಕ್ಟರು ಆಪರೇಷನ್ ಮಾಡಿ ಹರಿದಷ್ಟನ್ನು ಕತ್ತರಿಸಿ ತೆಗೆದರು. ಆಪರೇಷನ್ನಿಗೆ ಮೊದಲು ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವೆ ಐದು ಮಿಲಿಮೀಟರ್ ಜಾಗವಿತ್ತು. ವರ್ಷ ಕಳೆದ ಮೇಲೆ ಎರಡೂ ಕಾಲೂರಿ ನಿಂತು ಮತ್ತೆ ಅಳೆಸಬೇಕು, ಅಷ್ಟೇ ಇದ್ದರೆ ಚೀಲ ಹೊರಬಹುದು, ಕಡಿಮೆಯಾಗಿದ್ದರೆ ಹೊರುವ ಮಾತೇ ಇಲ್ಲ ಎಂದಿದ್ದರು.

ಆ ವರ್ಷವೆಲ್ಲ ಲಕ್ಕಪ್ಪ ದಲ್ಲಾಳಿಯ ಅಡತಿ ಅಂಗಡಿಯ ಮುಂದೆ ಕೂತು ಚೀಲದ ಬಾಯಿ ಹೊಲಿದ. ಅದೂ ಕೆಲಸವೇ. ಆದರೆ ಬೇರೆಯವರು ಹೊತ್ತುಕೊಂಡು ಹೋಗುವುದನ್ನು ನೋಡುತ್ತ ಕೂರುವುದು ಅವನಿಗೆ ಅವಮಾನ.

ವರ್ಷ ತುಂಬಿದಾಗ ಜೊತೆಯ ಹಮಾಲ ಕರಿಸಿದ್ದಪ್ಪ ಉಪಾಯ ಹೇಳಿಕೊಟ್ಟ. "ಫೋಟೋ ತಗಿಯೂ ಮುಂದ ಭಾರ ಎಲ್ಲಾ ಬಲಗಾಲಿಗೆ ಬಿಡು ಲೇ. ಎಡಗಾಲಾಗ ಜಾಗಾ ಅಗಲ ಕಾಣತೈತಿ." ಇಂಥದ್ದರಲ್ಲಿ ಕರಿಸಿದ್ದಪ್ಪನ ತಲೆ ಬಹಳ ಚುರುಕು.

ಊರಿನ ಎಕ್ಸ್‌ರೇ ಸೆಂಟರಿನಲ್ಲಿ ಚಿತ್ರ ತೆಗೆಯುವವಳು ಮುಮತಾಜ್. ಲಕ್ಕಪ್ಪ ಹೇಳಿಕೊಟ್ಟಂತೆ ನಿಂತ. ಕಂಪ್ಯೂಟರಿನಲ್ಲಿ ಅಳೆದರೆ ಐದು. ಅವನ ಮುಖ ಅರಳಿತು. ಆದರೆ ಎಡ ಹಿಮ್ಮಡಿ ನೆಲಕ್ಕೆ ಊರಿರಲಿಲ್ಲ ಎಂಬುದನ್ನು ಮುಮತಾಜ್ ನೋಡಿದ್ದಳು. ಅವಳು ಜಗಳಕ್ಕೆ ಹೋಗಲಿಲ್ಲ.

"ಕಾಕಾ, ಚೀಲ ಹೊತ್ತಾಗ ನೀವು ಹೆಂಗ ನಿಂದರ್ತೀರಿ?"

ಲಕ್ಕಪ್ಪನನ್ನು ಇದೊಂದು ಕೇಳಿದರೆ ಮುಗಿಯಿತು. ಉಪಾಯ ಗಿಪಾಯ ಎಲ್ಲ ಮರೆತು, ಎರಡೂ ಕೈ ಹೆಗಲ ಹಿಂದಕ್ಕೆ ಒಯ್ದು, ಎರಡೂ ಪಾದ ಗಟ್ಟಿಯಾಗಿ ಊರಿ, ಬೆನ್ನ ಮೇಲೆ ಕ್ವಿಂಟಲ್ ಬಂದವನಂತೆ ಉಸಿರು ಬಿಗಿಹಿಡಿದು ನಿಂತ.

"ಅಳ್ಳಾಡಬ್ಯಾಡ್ರಿ" ಎಂದು ಮುಮತಾಜ್ ಗುಂಡಿ ಒತ್ತಿದಳು. ಈ ಸಲ ಮೂರು.

ಲಕ್ಕಪ್ಪ ಪರದೆಯ ಹತ್ತಿರ ಬಂದ. "ಮೊದಲನೇದ ಕಳಸ್ರಿ, ಮೇಡಂ."

"ಅದರಾಗ ನೀವು ಈ ಕಾಲ ಮ್ಯಾಲೆ ನಿಂತಿಲ್ರಿ ಕಾಕಾ. ನಾಳೆ ಚೀಲದ ಸಮೇತ ಹಲಗಿ ಮ್ಯಾಲಿಂದ ಬಿದ್ರ?"

ಅವನಿಗೆ ಸಿಟ್ಟು ಬಂತು, ಅಳುವೂ ಬಂತು. ಮುಮತಾಜಳಿಗೂ ಕೆಟ್ಟೆನಿಸಿತು. ಆದರೂ ಎರಡನೆಯದನ್ನೇ ಹುಬ್ಬಳ್ಳಿಗೆ ಕಳಿಸಿದಳು.

ಲಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದ.

"ನಿಂತಿದ್ದು ಮಾತ್ರ ಬರೋಬರಿ ಇತ್ತಲ್ರಿ?"

"ಹೌದ್ರಿ. ಅಗದಿ ಬರೋಬರಿ."

"ಖರೇ ಚೀಲ ಇದ್ದಿದ್ರ ಇನ್ನೂ ನೆಟ್ಟಗ ನಿಂದರ್ತಿದ್ನಿ" ಎಂದ.